ಹಂಗಿಸದೆ ಕಲಿಸುವುದು: ಮಗು ಓದಿನಲ್ಲಿ ಹಿಂದೆ ಬಿದ್ದಾಗ ಕ್ರೈಸ್ತ ತಂದೆತಾಯಿಗೊಂದು ಸಮಗ್ರ ಮಾರ್ಗದರ್ಶಿ

ಪರೀಕ್ಷೆಯ ಕಾಲ ಬಂತೆಂದರೆ ಯಾಕೋಬನ ಪತ್ರಿಕೆಯ 1:5 ಬಹಳ ಮನೆಗಳಲ್ಲಿ ಕೇಳಿಸುತ್ತದೆ. ಜ್ಞಾನದಲ್ಲಿ ಕೊರತೆಯಿದ್ದವನು ದೇವರನ್ನು ಕೇಳಲಿ, ದೊರಕುತ್ತದೆ ಎಂದು ಓದಿ ಪುಸ್ತಕ ಮುಚ್ಚುತ್ತೇವೆ. ಅದೇ ವಚನದ ನಡುವೆ ಕೂತಿರುವ ಪುಟ್ಟ ಪದವೊಂದು ಕಣ್ತಪ್ಪಿ ಹೋಗುತ್ತದೆ. ದೇವರು ‘ಹಂಗಿಸದೆ’ ಕೊಡುತ್ತಾನೆ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ನಾವು ಕೊಡುವುದೆಲ್ಲ ಹಂಗಿಸಿಯೇ: ಫೀಸು ಎಷ್ಟು ಕಟ್ಟಿದ್ದೇವೆ ಗೊತ್ತಾ, ಚಿಕ್ಕಪ್ಪನ ಮಗಳಿಗೆ ಎಷ್ಟು ಬಂತು ನೋಡು, ನಮ್ಮ ಕಾಲದಲ್ಲಿ ಚಿಮಣಿ ದೀಪ. ಕೆಳಗಿನ ಹಂತಗಳೆಲ್ಲ ಆ ಒಂದು ಪದವನ್ನು ಮನೆಯೊಳಗೆ ಜಾರಿಗೆ ತರುವ ಬಗೆ. ಕರ್ನಾಟಕದ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಓದುವ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲ ವಾರ ಏನನ್ನೂ ಕಲಿಸಬೇಡಿ

ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯದಲ್ಲಿ ಎಲೀಯ ಸಾಕಪ್ಪಾ ಸಾಕು ಎಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ಬಂದ ದೂತ ಉಪದೇಶಕ್ಕೆ ಕೂರಲಿಲ್ಲ. ರೊಟ್ಟಿ, ನೀರು, ನಿದ್ದೆ. ಎಬ್ಬಿಸಿ ಮತ್ತೆ ಊಟ. ‘ಇಲ್ಲೇನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ. ನಿಮ್ಮ ಮನೆಯಲ್ಲೂ ಕ್ರಮ ಅದೇ ಇರಲಿ. ಶಾಲೆಯಿಂದ ಬಂದ ಮೇಲೆ ಮುಕ್ಕಾಲು ಗಂಟೆ ಪ್ರಶ್ನೆ ಬೇಡ. ತಿನ್ನಲು ಏನಾದರೂ ಕೊಡಿ, ಆಡಲು ಬಿಡಿ. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದ ಹತ್ತು ವರ್ಷದವನು ರಾತ್ರಿ ಒಂಬತ್ತಕ್ಕೆ ಹಾಸಿಗೆಯಲ್ಲಿರಬೇಕು. ಹನ್ನೊಂದಕ್ಕೆ ಮಲಗುವ ಮಗುವಿನ ‘ಮರೆವು’ ಬರೇ ನಿದ್ದೆಗೇಡಿನಿಂದಲೂ ಬಂದಿರಬಹುದು. ಅದನ್ನು ಸರಿಪಡಿಸದೆ ಟ್ಯೂಷನ್ ಹಾಕಿದರೆ ಇರುವ ನಿದ್ದೆಯಲ್ಲೂ ಒಂದು ಗಂಟೆ ಕಳೆಯುತ್ತದೆ.

ಈ ವಾರದ ನಿಮ್ಮ ಕೆಲಸ ನೋಡುವುದು ಮತ್ತು ಬರೆದಿಡುವುದು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಾಲು ಸಾಕು. ‘ಗಮನವಿಲ್ಲ’, ‘ಸೋಮಾರಿ’ ಎಂದು ಬರೆಯಬೇಡಿ, ಅವು ತೀರ್ಪುಗಳು. ‘ಎರಡನೇ ಪ್ಯಾರಾದಲ್ಲಿ ಕರ್ತವ್ಯ ಎಂಬ ಪದ ಬಂದಾಗ ಪುಸ್ತಕ ಮುಚ್ಚಿ ನೀರು ಕುಡಿಯಲು ಎದ್ದ’ ಎಂದು ಬರೆಯಿರಿ. ಬಿಟ್ಟೆದ್ದ ಜಾಗ, ಹೊತ್ತು, ವಿಷಯ ಮೂರೂ ಇರಲಿ. ಹೊಟ್ಟೆನೋವು ಯಾವ ವಾರ ಬರುತ್ತದೆ, ಟಿಫಿನ್ ಡಬ್ಬಿ ತುಂಬಿಯೇ ವಾಪಸ್ ಬರುತ್ತದೆಯೇ, ಪೆನ್ನು ಪೆನ್ಸಿಲ್ ಪದೇ ಪದೇ ಕಳೆಯುತ್ತವೆಯೇ ಎಂದೂ ಗುರುತು ಹಾಕಿ. ಒಂದೇ ಪಿರಿಯಡ್ಡಿನ ದಿನ, ಒಂದೇ ಬಸ್ಸಿನ ದಿನ ಹೊಟ್ಟೆನೋವು ಬರುತ್ತಿದ್ದರೆ ಪಾಠಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಯಾರಾದರೂ ಕಾಟ ಕೊಡುತ್ತಿದ್ದಾರೆಯೇ ಎಂದು. ಶಾಲೆಯಲ್ಲಿ ಹೊಡೆತವೇ ಕಾರಣವಾದರೆ ತಿಳಿದಿರಲಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098.

ವಾರದ ಕೊನೆಗೆ ಮಗುವನ್ನೇ ಕೇಳಿ. ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ಯೆರಿಕೋವಿನ ದಾರಿಯಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸು ‘ನಾನು ನಿನಗೆ ಏನು ಮಾಡಬೇಕೆನ್ನುತ್ತೀ’ ಎಂದು ಅವನ ಬಾಯಿಂದಲೇ ಹೇಳಿಸಿದ (ಮಾರ್ಕ 10:51). ಎದುರು ಬದುರು ಕೂರಿಸಿ ವಿಚಾರಣೆ ಮಾಡಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಅವರೆಕಾಯಿ ಸುಲಿಯುವಾಗ, ಗಾಡಿಯಲ್ಲಿ ಹಿಂದೆ ಕೂತಾಗ, ದೀಪ ಆರಿಸಿ ಮಲಗಿದಾಗ ಮಾತು ಬರುತ್ತದೆ. ‘ಯಾಕೆ ಓದಲ್ಲ’ ಎಂಬುದಕ್ಕೆ ಮಗುವಿನ ಬಳಿ ಉತ್ತರವಿಲ್ಲ. ‘ಕ್ಲಾಸಿನಲ್ಲಿ ಯಾವಾಗ ತಲೆಬುಡ ಗೊತ್ತಾಗದೆ ಹೋಗುತ್ತೆ’ ಎಂದರೆ ಉತ್ತರ ಇರುತ್ತದೆ.

ದೇಹವನ್ನು ಮೊದಲು ನೋಡಿಸಿ

ಇದು ಬೇಸರದ ಭಾಗ, ಆದರೆ ಬಿಡಬೇಡಿ. ಬೋರ್ಡು ನೋಡಿ ಬರೆಯುವಾಗ ಪಕ್ಕದವನ ಪುಸ್ತಕ ನೋಡುವುದು, ಸಂಜೆ ತಲೆನೋವು, ಟಿವಿಗೆ ಅಂಟಿ ಕೂರುವುದು ಕಂಡರೆ ಕಣ್ಣು ಪರೀಕ್ಷೆ ಮಾಡಿಸಿ. ಕಿವಿ ಸೋರುವ, ಸದಾ ಶೀತವಿರುವ ಮಗುವಿಗೆ ಕಿವಿ ಪರೀಕ್ಷೆ ಬೇಕು. ಉಕ್ತಲೇಖನದಲ್ಲಿ ಮಾತ್ರ ತಪ್ಪು ಹೆಚ್ಚಿ, ನೋಡಿ ಬರೆದದ್ದು ಸರಿಯಿದ್ದರೆ ಕಿವಿಯ ಮೇಲೆ ಅನುಮಾನಪಡಿ. ಬೇಗ ಸುಸ್ತಾಗುವ ಮಗುವಿಗೆ ಹಿಮೋಗ್ಲೋಬಿನ್ ನೋಡಿಸಿ: 5ರಿಂದ 11 ವರ್ಷಕ್ಕೆ 11.5 ಗ್ರಾಂ, 12ರಿಂದ 14ಕ್ಕೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಮಾತಿನ ನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತು, ಏನೂ ಆಗದವರಂತೆ ಮುಂದುವರಿಯುವುದು ದಿನಕ್ಕೆ ಹಲವು ಸಲ ಆಗುತ್ತಿದ್ದರೆ ಅದು ಒಂದು ಬಗೆಯ ಮೂರ್ಛೆರೋಗವಿರಬಹುದು. ಇಂಥ ಮಕ್ಕಳು ‘ಹಗಲುಗನಸು ಕಾಣುವವರು’ ಎಂದು ವರ್ಷಗಟ್ಟಲೆ ಬೈಸಿಕೊಳ್ಳುತ್ತಾರೆ. ಮಕ್ಕಳ ವೈದ್ಯರಿಗೆ ತೋರಿಸಿದರೆ ಔಷಧಿಯಿದೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಬಂದಾಗ ನಿಮ್ಮ ನೋಟ್‌ಬುಕ್ಕಿನ ಸಾಲುಗಳನ್ನು ಅವರಿಗೆ ಓದಿ ಹೇಳಿ.

ಕೊಂಡಿ ಕಳಚಿದ ಜಾಗ ಹುಡುಕಿ

ಏಳನೇ ತರಗತಿಯ ಮಗು ಏಳನೇ ತರಗತಿಯ ಪಾಠದಲ್ಲಿ ಸೋಲುವುದು ಕಡಿಮೆ. ಎರಡನೆಯದರಲ್ಲೋ ನಾಲ್ಕನೆಯದರಲ್ಲೋ ಬಿಟ್ಟುಹೋದದ್ದು ಈಗ ಕಾಣಿಸಿಕೊಳ್ಳುತ್ತದೆ. ಆ ಜಾಗ ಹುಡುಕಲು ಒಂದು ಸಂಜೆ ಸಾಕು.

ಓದಿಗೆ: ಎರಡು ತರಗತಿ ಕೆಳಗಿನ ಕನ್ನಡ ಪಠ್ಯ ತೆಗೆದುಕೊಳ್ಳಿ, ಮಗು ಮೊದಲು ಓದಿರದ ಪುಟದಿಂದ 50 ಪದ ಎಣಿಸಿ ಗೆರೆ ಹಾಕಿ, ಗಟ್ಟಿಯಾಗಿ ಓದಿಸಿ. ತಿದ್ದಬೇಡಿ, ಎಡವಿದ ಪದಕ್ಕೆ ಚುಕ್ಕಿ ಇಡಿ. ಐದಕ್ಕಿಂತ ಹೆಚ್ಚು ಚುಕ್ಕಿ ಬಿದ್ದರೆ ಆ ಪುಸ್ತಕ ಈಗಲೂ ಕಷ್ಟ. ಇನ್ನೊಂದು ತರಗತಿ ಕೆಳಗಿಳಿಯಿರಿ. ಎಷ್ಟು ತಪ್ಪು ಎಂಬುದಕ್ಕಿಂತ ಯಾವ ತಪ್ಪು ಎಂಬುದು ಮುಖ್ಯ. ಕಾಲು ಕಾಳು ಆಗುವುದು, ಅಕ್ಕಿ ಹಕ್ಕಿ ಒಂದಾಗುವುದು ಎಷ್ಟೋ ಸಲ ಮನೆಮಾತಿನ ಉಚ್ಚಾರಣೆ, ಅದಕ್ಕೆ ಗಾಬರಿ ಬೇಡ. ಪ, ವ, ಷ ಅದಲುಬದಲಾದರೆ ಅಕ್ಷರದ ಆಕಾರವೇ ಗಟ್ಟಿಯಾಗಿಲ್ಲ. ಕಿ–ಕೀ, ಕು–ಕೂ ತಪ್ಪಿದರೆ ಕಾಗುಣಿತದಲ್ಲಿ ಬಿರುಕಿದೆ. ಒತ್ತಕ್ಷರ ನುಂಗಿ ಓದಿದರೆ, ಅದರಲ್ಲೂ ಧರ್ಮ ‘ಧಮ್ರ’ ಆದರೆ ತೊಡಕು ಅರ್ಕಾವತ್ತಿನದು: ರ ಧ್ವನಿ ಮೊದಲು ಬರುತ್ತದೆ, ಗುರುತು ಆಮೇಲೆ ಬರೆಯುತ್ತೇವೆ. ಇದನ್ನು ಬಿಡಿಸಿ ಹೇಳಿಕೊಡದೆ ಇಡೀ ಪಾಠ ಹತ್ತು ಸಲ ಓದಿಸಿದರೂ ಅದೇ ತಪ್ಪು ಗಟ್ಟಿಯಾಗುತ್ತದೆ.

ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಕೊಂಕಣಿ, ಬೆಂಗಳೂರಿನ ಬಹಳಷ್ಟು ಕ್ರೈಸ್ತ ಮನೆಗಳಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ. ಇಂಥ ಮಗುವಿಗೆ ವಿಜ್ಞಾನ ಗೊತ್ತಿಲ್ಲವೋ ಇಂಗ್ಲಿಷ್ ಗೊತ್ತಿಲ್ಲವೋ ಎಂದು ಬೇರ್ಪಡಿಸಿ ನೋಡಿ. ಪಾಠವನ್ನು ಮನೆಮಾತಿನಲ್ಲಿ ಹೇಳು ಎನ್ನಿ. ಹೇಳಿದರೆ ತಿಳಿವಳಿಕೆಯಿದೆ, ಕೊರತೆ ಭಾಷೆಯದು.

ಗಣಿತಕ್ಕೆ: 52ರಲ್ಲಿ 27 ಕಳೆಯಲು ಕೊಡಿ. ಉತ್ತರ 35 ಬಂದರೆ ಮಗು ಅಜಾಗರೂಕವಾಗಿಲ್ಲ. ಬಿಡಿ, ಹತ್ತು ಎನ್ನುವ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತನ್ನದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ‘ಸರಿಯಾಗಿ ನೋಡಿ ಮಾಡು’ ಎಂದರೆ ಮತ್ತೆ 35 ಬರುತ್ತದೆ. ಹತ್ತು ಕಡ್ಡಿಗಳ ಐದು ಕಟ್ಟು, ಬಿಡಿ ಎರಡು ಕಡ್ಡಿ ಕೈಗೆ ಕೊಟ್ಟು 27 ಕಡ್ಡಿ ನನಗೆ ಕೊಡು ಎನ್ನಿ. ಏಳು ಬಿಡಿ ಕೊಡಲು ಒಂದು ಕಟ್ಟು ಬಿಚ್ಚಲೇಬೇಕು. ದಶಕ ತೆಗೆದುಕೊಳ್ಳುವುದು ಎಂದರೇನೆಂದು ಕೈಗೆ ಗೊತ್ತಾಗುತ್ತದೆ. ಮೇಲಿನ ತರಗತಿಯವರಿಗೆ ½ ಮತ್ತು ⅓ರಲ್ಲಿ ಯಾವುದು ದೊಡ್ಡದು ಎಂದು ಕೇಳಿ. ⅓ ಎಂದರೆ ಬೀಜಗಣಿತದ ಟ್ಯೂಷನ್ನಿಗೆ ಕಟ್ಟುವ ದುಡ್ಡು ದಂಡ, ಭಿನ್ನರಾಶಿಗೆ ಹಿಂತಿರುಗಿ.

ಟೀಚರ್ ಜೊತೆ ಹದಿನೈದು ನಿಮಿಷ

ಪೋಷಕರ ಸಭೆಯ ಸಾಲಿನಲ್ಲಿ ನಿಂತು ಇದನ್ನು ಮಾತಾಡಲು ಆಗದು. ಡೈರಿಯಲ್ಲಿ ಬರೆದು ಬೇರೆ ಹೊತ್ತು ಕೇಳಿ. ಹೋಗುವಾಗ ಚುಕ್ಕಿ ಹಾಕಿದ ಪುಟ, ಕಳೆಯುವ ಲೆಕ್ಕ, ವಾರದ ನೋಟ್‌ಬುಕ್ ಜೊತೆಗಿರಲಿ. ಮಾತು ಹೀಗೆ ಶುರುವಾದರೆ ಒಳ್ಳೆಯದು: ‘ಮಿಸ್, ಮನೆಯಲ್ಲಿ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾನೆ. ಕ್ಲಾಸಿನಲ್ಲಿ ನೀವು ಏನು ಗಮನಿಸಿದ್ದೀರಿ?’ ‘ಇವನಿಗೆ ನಾಲ್ಕು ಬಿಗಿಯಿರಿ ಮಿಸ್’ ಎಂದು ಮಗುವಿನ ಮುಂದೆ ಹೇಳುವುದು ವಿನಯವಲ್ಲ. ತನ್ನ ಪರ ಯಾರೂ ಇಲ್ಲವೆಂದು ಮಗುವಿಗೆ ಅಲ್ಲೇ ಗೊತ್ತಾಗುತ್ತದೆ.

ಒಂದೇ ಭೇಟಿಯಲ್ಲಿ ಎರಡಕ್ಕಿಂತ ಹೆಚ್ಚು ಕೇಳಬೇಡಿ. ಐವತ್ತು ಮಕ್ಕಳ ತರಗತಿಯಲ್ಲೂ ಆಗುವಂಥವು: ಮೊದಲ ಎರಡು ಬೆಂಚಿನಲ್ಲಿ ಜಾಗ, ಎಲ್ಲರೆದುರು ಏಕಾಏಕಿ ಎಬ್ಬಿಸಿ ಓದಿಸದಿರುವುದು, ಹತ್ತು ಲೆಕ್ಕದ ಬದಲು ಐದು. ಆರು ವಾರ ಬಿಟ್ಟು ಮತ್ತೆ ಬರುತ್ತೇನೆಂದು ತಾರೀಖು ಹೇಳಿ ಎದ್ದೇಳಿ. ಆ ತಾರೀಖಿಗೆ ತಪ್ಪದೆ ಹೋಗಿ. ಎರಡನೇ ಭೇಟಿಯಿಂದ ಟೀಚರ್ ನಿಮ್ಮ ಮಾತಿಗೆ ಕೊಡುವ ತೂಕವೇ ಬೇರೆ.

ಆರು ವಾರದ ಮನೆಪಾಠ

ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಒಂದೇ ವಿಷಯ. ಎಲ್ಲ ವಿಷಯವನ್ನೂ ಒಟ್ಟಿಗೆ ಎತ್ತಲು ಹೋದವರು ಎರಡನೇ ವಾರಕ್ಕೇ ಕೈಬಿಡುತ್ತಾರೆ. ಓದು ಕುಂಟುತ್ತಿದ್ದರೆ ಓದಿನಿಂದಲೇ ಆರಂಭಿಸಿ, ಉಳಿದ ವಿಷಯಗಳೆಲ್ಲ ಅದರ ಮೇಲೆ ನಿಂತಿವೆ.

ಮೊದಲ 12 ನಿಮಿಷ ಜೋಡಿ ಓದು. ಅಕ್ಕಪಕ್ಕ ಕೂತು ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಿ, ನಿಮ್ಮ ವೇಗ ಮಗುವಿನದಕ್ಕಿಂತ ಕೂದಲೆಳೆಯಷ್ಟು ಮುಂದಿರಲಿ. ಧೈರ್ಯ ಬಂದಾಗ ಮಗು ನಿಮ್ಮ ಮಂಡಿ ತಟ್ಟಲಿ; ನೀವು ನಿಲ್ಲಿಸಿ, ಅದು ಒಂಟಿಯಾಗಿ ಮುಂದುವರಿಯಲಿ. ಎಡವಿದರೆ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಆಮೇಲೆ ಪದ ಹೇಳಿ, ಮಗು ಅದನ್ನು ಒಮ್ಮೆ ಹೇಳಿದ ಮೇಲೆ ಮತ್ತೆ ಒಟ್ಟಿಗೆ ಓದಿ. ‘ನಿನ್ನೆ ತಾನೆ ಹೇಳಿಕೊಟ್ಟೆ’ ಎಂಬ ಮಾತು ಬಾಯಿಗೆ ಬಂದಾಗ ನುಂಗಿಬಿಡಿ. ಯಾಕೋಬನ ‘ಹಂಗಿಸದೆ’ ಎಂಬ ಪದ ಕೆಲಸ ಮಾಡಬೇಕಾದ ಜಾಗ ಇದೇ.

ಮುಂದಿನ 10 ನಿಮಿಷ ಕೊಂಡಿ ಕಳಚಿದ ಜಾಗಕ್ಕೆ: ಐದು ಒತ್ತಕ್ಷರದ ಪದ, ಅಥವಾ ಕಡ್ಡಿ ಕಟ್ಟಿನ ನಾಲ್ಕು ಲೆಕ್ಕ. ಇಂದು ಕಲಿತ ಐದನ್ನು ಮರುದಿನ, ಮೂರನೇ ದಿನ, ವಾರದ ಕೊನೆಗೆ ಮತ್ತೆ ಕೇಳಿ. ಒಂದೇ ದಿನ ಇಪ್ಪತ್ತು ಸಲ ಬರೆಸುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತದೆ. ಕೊನೆಯ 8 ನಿಮಿಷ ಪುಸ್ತಕ ಮುಚ್ಚಿ ಇವತ್ತಿನ ಪಾಠದ ಮೂರು ವಿಷಯ ಹೇಳಲಿ, ಮನೆಮಾತಿನಲ್ಲೇ ಹೇಳಲಿ. ಅಜ್ಜಿಗೆ ಹೇಳಿದರೆ ಇನ್ನೂ ಒಳ್ಳೆಯದು, ಅಜ್ಜಿ ನಿಜವಾಗಿ ಪ್ರಶ್ನೆ ಕೇಳುತ್ತಾರೆ. ನಿಮಗೆ ಇಂಗ್ಲಿಷ್ ಬರದಿದ್ದರೂ ಈ 8 ನಿಮಿಷ ನಡೆಸಬಹುದು.

ಹೊಗಳುವಾಗ ‘ಜಾಣ’ ಎನ್ನಬೇಡಿ, ಮುಂದಿನ ತಪ್ಪಿಗೆ ಆ ಪದ ಉದುರಿಹೋಗುತ್ತದೆ. ‘ಕರ್ತವ್ಯ ಪದಕ್ಕೆ ನಿಂತು, ಬಿಡಿಸಿ ಓದಿದೆ’ ಎಂದು ನಡೆದದ್ದನ್ನೇ ಹೇಳಿ. ಭಾನುವಾರ ಪಾಠವಿಲ್ಲ, ಟ್ಯೂಷನ್ನೂ ಇಲ್ಲ. ವಿಶ್ರಾಂತಿಯ ದಿನದ ಕಟ್ಟಳೆ ಮಕ್ಕಳಿಗೂ ಸೇರಿದೆ ಎಂದು ವಿಮೋಚನಕಾಂಡ 20:10 ಸ್ಪಷ್ಟವಾಗಿ ಎಣಿಸಿ ಹೇಳುತ್ತದೆ: ನೀನು, ನಿನ್ನ ಮಗ, ನಿನ್ನ ಮಗಳು.

ಟ್ಯೂಷನ್ ಹಾಕಲೇಬೇಕಾದರೆ ಮೊದಲೇ ಕೇಳಿ: ಕೆಳಗಿನ ತರಗತಿಯ ಪಾಠದಿಂದ ಶುರುಮಾಡುತ್ತೀರಾ? ಇಲ್ಲವೆಂದರೆ ಬೇಡ. ಬೆಳಿಗ್ಗೆ ಅರ್ಥವಾಗದ್ದನ್ನು ಸಂಜೆ ಅದೇ ವೇಗದಲ್ಲಿ ಇನ್ನೊಮ್ಮೆ ಕೇಳಿಸಿಕೊಂಡು ಪ್ರಯೋಜನವಿಲ್ಲ.

ಬೆತ್ತದ ವಚನಗಳು

ಜ್ಞಾನೋಕ್ತಿ 22:6ರಲ್ಲಿ, ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಹುಡುಗನನ್ನು ‘ಶಿಕ್ಷಿಸು’ ಎಂದು ಹಳೆಯ ಕನ್ನಡ ಸತ್ಯವೇದದಲ್ಲಿದೆ. ಇಂದಿನ ಕಿವಿಗೆ ಅದು ಹೊಡೆ ಎಂದು ಕೇಳಿಸುತ್ತದೆ. ಆದರೆ ಶಿಕ್ಷಣ, ಶಿಕ್ಷಕ ಹುಟ್ಟಿದ ಬೇರಿನಿಂದಲೇ ಆ ಪದ ಬಂದದ್ದು, ಕಲಿಸು ಎಂದರ್ಥ. ಹೀಬ್ರೂ ಮೂಲದ ‘ಹಾನಖ್’ ಎಂದರೆ ಪ್ರತಿಷ್ಠಿಸು, ಮೊದಲ ಹೆಜ್ಜೆ ಹಾಕಿಸು. ಯೆಹೂದ್ಯರ ಹನುಕ್ಕಾ ಹಬ್ಬದ ಹೆಸರೂ ಅದೇ ಬೇರಿನದು. ‘ಬೆತ್ತ ಹಿಡಿಯದ ತಂದೆ’ಯ ಮಾತು (13:24) ಮಗನ ನಡತೆ ತಿದ್ದುವುದರ ಬಗ್ಗೆ. ಓದಲು ಬಾರದಿರುವುದು ದಾರಿ ತಪ್ಪಿದ್ದಲ್ಲ. ಇದರ ಜೊತೆಗೇ ಕೊಲೊಸ್ಸೆ 3:21 ಓದಬೇಕು. ಅಲ್ಲಿ ಪೌಲ ತಂದೆಗಳಿಗೆ ಮಕ್ಕಳನ್ನು ಕೆಣಕಬೇಡಿ ಎನ್ನುತ್ತಾನೆ, ಕಾರಣವನ್ನೂ ಕೊಡುತ್ತಾನೆ: ಅವರು ಮನಗುಂದುತ್ತಾರೆ.

ಕುಟುಂಬ ಪ್ರಾರ್ಥನೆಯಲ್ಲಿ ಆಗುವ ಗಾಯ

ಮನೆಯ ಪ್ರಾರ್ಥನೆಯಲ್ಲಿ ಒಬ್ಬೊಬ್ಬರು ಒಂದೊಂದು ವಚನ ಓದುವ ರೂಢಿಯಿದೆ. ಓದಲು ತಡವರಿಸುವ ಮಗು ತನ್ನ ಪಾಲಿಗೆ ಯಾವುದು ಬರುತ್ತದೆಂದು ಬೆರಳಲ್ಲಿ ಎಣಿಸುತ್ತಾ ಕೂತಿರುತ್ತದೆ. ಅದಕ್ಕೆ ಬೇರೇನೂ ಕೇಳಿಸುವುದಿಲ್ಲ. ಶಾಲೆಯ ಅವಮಾನ ದೇವರ ಮುಂದೆಯೂ ನಡೆಯುತ್ತದೆ. ಸರಿಪಡಿಸುವುದು ಸುಲಭ. ಹಿಂದಿನ ದಿನವೇ ಅದರ ವಚನ ಹೇಳಿ, ಒಮ್ಮೆ ಜೊತೆಗೆ ಓದಿಸಿ. ಇಲ್ಲವೇ 136ನೇ ಕೀರ್ತನೆ ತೆಗೆಯಿರಿ: 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಒಂದೇ ಪಲ್ಲವಿ. ಮೊದಲರ್ಧ ನೀವು, ಪಲ್ಲವಿ ಮಗು. ಇಪ್ಪತ್ತಾರನೇ ಸಲಕ್ಕೆ ‘ಶಾಶ್ವತ’ದ ಒತ್ತಕ್ಷರ ಕಣ್ಣಿಗೆ ಗುರುತಾಗಿರುತ್ತದೆ. 117ನೇ ಕೀರ್ತನೆಯಲ್ಲಿ ಎರಡೇ ವಚನ. ಇಡೀ ಕೀರ್ತನೆ ಓದಿದೆ ಎನ್ನುವ ಹೆಮ್ಮೆ ಅದಕ್ಕೆ ಸಿಗಲಿ. ಕಂಠಪಾಠ ಸ್ಪರ್ಧೆಗಳಲ್ಲಿ ಮಗುವಿಗೆ ಆಗುವ ಕಷ್ಟವನ್ನು ಸಂಡೇ ಸ್ಕೂಲ್ ಟೀಚರಿಗೆ ಮೊದಲೇ ತಿಳಿಸಿಡಿ.

‘ಕರ್ತನೇ, ಇವನಿಗೆ ಸ್ವಲ್ಪ ಬುದ್ಧಿ ಕೊಡಪ್ಪಾ’ ಎಂದು ಮಗುವಿನ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರೆ ಮಗುವಿಗೆ ಕೇಳಿಸುವುದು ತನಗೆ ಬುದ್ಧಿಯಿಲ್ಲ ಎಂದು. ಅದರ ಬದಲು: ‘ಕರ್ತನೇ, ಇವತ್ತು ಭಿನ್ನರಾಶಿ ಕಷ್ಟವಾಯಿತು. ನಾವಿಬ್ಬರೂ ನಾಳೆ ಮತ್ತೆ ಕೂರುತ್ತೇವೆ. ನಮಗೆ ತಾಳ್ಮೆ ಕೊಡು. ಇವಳನ್ನು ನಮಗೆ ಕೊಟ್ಟದ್ದಕ್ಕೆ ಸ್ತೋತ್ರ.’ ನೆರೆಮನೆಯ ಪ್ರಾರ್ಥನಾ ಕೂಟದಲ್ಲಿ ಮಗುವಿನ ಹೆಸರು, ಮಾರ್ಕ್ಸು ಹೇಳಿ ಪ್ರಾರ್ಥನೆ ಕೋರಬೇಡಿ. ಇಷ್ಟು ಮಾರ್ಕ್ಸ್ ಬಂದರೆ ಎಂದು ಹರಕೆ ಹೊರುವುದರಿಂದ ಆ ಭಾರ ಮಗುವಿನ ಹೆಗಲಿಗೇ ಬೀಳುತ್ತದೆ. ಪರೀಕ್ಷೆ ಬರೆಯುವವರ ಪಾಲಕನೆಂದು ಕ್ಯಾಥೊಲಿಕರು ನೆನೆಯುವ ಕುಪರ್ಟಿನೋದ ಸಂತ ಜೋಸೆಫ್ (1603–1663) ಸ್ವತಃ ಓದಿನಲ್ಲಿ ತೀರ ಹಿಂದಿದ್ದವರು. ಧರ್ಮಗುರುಗಳ ಪಾಲಕ ಸಂತ ಜಾನ್ ವಿಯಾನ್ನಿಗೆ (1786–1859) ಲ್ಯಾಟಿನ್ ಹತ್ತುತ್ತಲೇ ಇರಲಿಲ್ಲ.

ಇನ್ನು ‘ಇದು ಶಾಪ’, ‘ನಿಮ್ಮ ಮನೆತನದ ಪಾಪ’ ಎನ್ನುವವರು ಬರುತ್ತಾರೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಅದನ್ನೇ: ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಉತ್ತರಿಸಿದ (ಯೋಹಾನ 9:3). ಅಂಥವರಿಗೆ ಕಾಫಿ ಕೊಟ್ಟು ಕಳುಹಿಸಿ.

ಆರು ವಾರವಾದರೂ ಕದಲದಿದ್ದರೆ

ಕಣ್ಣು ಕಿವಿ ಸರಿಯಿದ್ದು, ಮಾತಿನಲ್ಲಿ ಚುರುಕಿದ್ದು, ದಿನಾ ಕೂತರೂ ಓದು ಬರಹ ಅಥವಾ ಲೆಕ್ಕ ಮಾತ್ರ ಮುಂದೆ ಹೋಗದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. ಬುದ್ಧಿಶಕ್ತಿಯ ಕೊರತೆ ಬೇರೆ, ಇದು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಗಳಿವೆ. ಮಾತು, ಕೇಳುವಿಕೆ, ಭಾಷೆಯ ತೊಂದರೆಗೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಲಿಪಿಕಾರ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಅದರ 17ನೇ ಕಲಂನಲ್ಲೇ ಹೆಸರಿಸಿದ ಸೌಲಭ್ಯಗಳು. ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಸಿಗುತ್ತದೆ. 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಇರುತ್ತದೆ. ಎಸ್ಸೆಸ್ಸೆಲ್ಸಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ತಡವಾಗುತ್ತದೆ, ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರಿಗೆ ಕಾಗದಪತ್ರ ಕೊಟ್ಟಿರಿ.

ಸೌಲಭ್ಯ ಕೇಳುವುದು ನಾಚಿಕೆ ಎನ್ನುವ ತಂದೆತಾಯಿ ವಿಮೋಚನಕಾಂಡ 4ನೇ ಅಧ್ಯಾಯ ನೋಡಲಿ. ಮೋಶೆ ನನಗೆ ಮಾತು ಬಾರದು ಎಂದ. ದೇವರು ಅವನ ನಾಲಗೆಯನ್ನು ಬದಲಿಸಲಿಲ್ಲ, ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ. ಅವನ ಪರವಾಗಿ ಮಾತಾಡಲು ಪಕ್ಕಕ್ಕೆ ಅಣ್ಣ ಆರೋನನನ್ನು ಕೊಟ್ಟ. ಪರೀಕ್ಷಾ ಕೊಠಡಿಯ ಲಿಪಿಕಾರನೂ ಆರೋನನೇ.

ಮಾಮೂಲಿ ಶಾಲೆಯಲ್ಲಿ ಹತ್ತನೇ ತರಗತಿ ದಾಟುವುದು ಕಷ್ಟವೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿದೆ. 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾದರೆ ಸಾಕು, ವರ್ಷಕ್ಕೆರಡು ಬಾರಿ ಪರೀಕ್ಷೆ. ನೋಂದಣಿ ಐದು ವರ್ಷ ನಡೆಯುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಕೈಕೆಲಸದಲ್ಲಿ ಮನಸ್ಸಿರುವವರಿಗೆ ಐಟಿಐ; ವೆಲ್ಡರ್, ವೈರ್‌ಮನ್‌ನಂಥ ಕೆಲವು ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾಗಿದ್ದರೂ ನಡೆಯುತ್ತದೆ. ಇದನ್ನು ಕೆಳಗಿನ ದಾರಿ ಎಂದುಕೊಂಡಿದ್ದರೆ ವಿಮೋಚನಕಾಂಡ 31 ಬೇರೆ ಹೇಳುತ್ತದೆ: ಬೆಚಲೇಲನು ದೇವರ ಆತ್ಮದಿಂದ ತುಂಬಿದ್ದು ಬಂಗಾರ, ಕಲ್ಲು, ಮರದ ಕೆಲಸಕ್ಕಾಗಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಶಾಲೆಗಳ ಜೊತೆಗೆ ಮುದ್ರಣಾಲಯ, ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆಯನ್ನೂ ನಡೆಸಿತು. ಪುಸ್ತಕ ಹಿಡಿದ ಕೈಗೂ ಮಣ್ಣು ಹಿಡಿದ ಕೈಗೂ ಒಂದೇ ಸಭೆಯಲ್ಲಿ ಜಾಗವಿತ್ತು.

ಫಲಿತಾಂಶದ ದಿನ

ಹಿಂದಿನ ರಾತ್ರಿಯೇ ಅರಣ್ಯಕಾಂಡ 6:24–26ರ ಆಶೀರ್ವಾದ ಹೇಳಿ ಮಲಗಿಸಿ. ಅಂಕ ಗೊತ್ತಾಗುವ ಮೊದಲೇ ಸಿಕ್ಕ ಆಶೀರ್ವಾದವನ್ನು ಅಂಕ ವಾಪಸ್ ಪಡೆಯಲಾರದು. ಆ ದಿನ ಮಗು ಒಂಟಿಯಾಗಿರದಂತೆ ಒಬ್ಬರು ರಜೆ ಹಾಕಿ. ನೆಂಟರ ಫೋನ್ ನೀವೇ ಎತ್ತಿ. ‘ಊಟ ಮಾಡ್ತಿದ್ದೀವಿ, ಆಮೇಲೆ ಹೇಳ್ತೀವಿ’ ಎಂದರೆ ಸಾಕು. ವಾಟ್ಸಾಪ್ ಸ್ಟೇಟಸ್ ಆ ದಿನ ನೋಡಬೇಡಿ. ಫೇಲಾಗಿದ್ದರೆ ಮರುಪರೀಕ್ಷೆಯ ಮಾತು ಎರಡು ದಿನ ಬಿಟ್ಟು ಎತ್ತಿ, ಆದರೆ ಅರ್ಜಿಯ ಕೊನೆಯ ದಿನಾಂಕ ನೀವು ಸದ್ದಿಲ್ಲದೆ ನೋಡಿಟ್ಟಿರಿ. ಸಾಯುವ ಮಾತಾಡಿದರೆ, ಊಟ ನಿದ್ದೆ ಬಿಟ್ಟು ಕೋಣೆ ಸೇರಿದರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ ಪ್ರಾರ್ಥನೆಯ ಜೊತೆಗೆ ಆ ಗಳಿಗೆಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ; ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭಾನುವಾರ ಚರ್ಚಿನಲ್ಲಿ ಹೆಚ್ಚು ಅಂಕ ಬಂದವರನ್ನು ಮುಂದೆ ಕರೆದು ಶಾಲು ಹೊದಿಸುತ್ತಾರೆ. ಆ ಹೊತ್ತಿಗೆ ನಿಮ್ಮ ಮಗು ಯಾವ ಬೆಂಚಿನಲ್ಲಿ ಕೂತಿರುತ್ತದೆ ಎಂದು ಯೋಚಿಸಿ, ವಾರ ಮೊದಲೇ ಅಯ್ಯನವರನ್ನೋ ಫಾದರನ್ನೋ ಕಂಡು ಒಂದು ಮಾತು ಕೇಳಿ: ಪರೀಕ್ಷೆಗೆ ಮುಂಚೆ ಎಲ್ಲರ ಹಾಲ್ ಟಿಕೆಟ್ ಇಟ್ಟು ಪ್ರಾರ್ಥಿಸಿದಿರಲ್ಲ, ಈಗಲೂ ಪರೀಕ್ಷೆ ಬರೆದವರೆಲ್ಲರನ್ನೂ ಮುಂದೆ ಕರೆಯಬಹುದೇ?